ಗೋವಿನಜೋಳದ ಹೊಲದಲ್ಲಿ ನನ್ನ ಮದುವೆಯ ಸೀಡಿ

ಆಗಸ್ಟ್ ೨೪, ರವಿವಾರ. ಹಾನಗಲ್ಲ.

ತವರೂರು ತಿಳವಳ್ಳಿಯಿಂದ ಬಂದಾಗಿನಿಂದ ತಲೆ ಕೆಟ್ಟಿದೆ. ತಮ್ಮ ಚನ್ನೇಶ ಗಿಳಿ ಹೆದರಿಸಲು ಗೋವಿನಜೋಳದ ಹೊಲದ ತುಂಬ ಹಳೆಯ ಸೀಡಿ ಕಟ್ಟಿದ್ದಾನೆ. ಒಂದರ ಮೇಲೆ ನನ್ನ ಹೆಸರಿತ್ತು. ನನ್ನ ಮದುವೆಯ ಸೀಡಿ! ಬಿಸಿಲು ಮಳೆಗೆ ಅದರ ಹೊಳಪಿನ ಪದರ ಸುಲಿದುಹೋಗಿದೆ. ಕಣ್ಣಿಗೆ ಹಿಡಿದರೆ ಆಚೆಯ ಬೆಳೆ ಕಾಣುತ್ತಿತ್ತು.

“ಅದ್ರಾಗಿಂದೆಲ್ಲಾ ಫೋನಿಗೆ ಹಾಕ್ಕೊಂಡೇನಿ ಅಕ್ಕಾ, ಯಾಕ ಅಳ್ತಿ?” ಎಂದ. ಅಲ್ಲೇ ನನಗೂ ಕಳಿಸಿದ.

ಮದುವೆ ನೋಡುವುದು ಯಾರಿಗೆ ಬೇಕಿತ್ತು? ಅರಿಸಿನ ಹಚ್ಚುವಾಗ ಅವ್ವ ಹಾಡಿದ್ದಳು. ಅವಳು ಹೋದ ಮೇಲೆ ಅವಳ ದನಿ ಉಳಿದದ್ದು ಅದೊಂದರಲ್ಲೇ.

ಬಸ್ಸಿನಲ್ಲಿ ಅವನು ಕಳಿಸಿದ ವಿಡಿಯೋ ಹಚ್ಚಿ ನೋಡಿದೆ. ಚೆಂದ ಕಾಣಲೆಂದು ಉದ್ದಕ್ಕೂ ಯಾವುದೋ ಸಿನಿಮಾ ಹಾಡು ಕೂಡಿಸಿದ್ದಾನೆ. ಅವ್ವನ ದನಿಯೇ ಇಲ್ಲ. ಅವನಿಗೆ ಫೋನ್ ಮಾಡಿದೆ.

“ಈ ಸಿನಿಮಾ ಹಾಡು ಇಲ್ಲದ್ದು ಐತೇನೋ?”

“ಇಲ್ಲಕ್ಕಾ” ಎಂದ.

ಬೈಯಲು ಬಾಯಿ ಬರಲಿಲ್ಲ. ಅವನಿಗೂ ಅವಳು ಅವ್ವನೇ.

ಸೀಡಿಯನ್ನು ಬಿಚ್ಚಿಕೊಂಡು ಬಂದಿದ್ದೇನೆ. ಯಾಕೋ, ನನಗೇ ತಿಳಿಯದು.

ಈಗ ದನಿ ಪೂರ್ತಿ ಇಳಿಸಿ ಮತ್ತೊಮ್ಮೆ ನೋಡಿದೆ. ಅವ್ವನ ತುಟಿ ಅಲುಗಾಡುತ್ತದೆ. ನಾನೇ ಜೊತೆಗೆ ಹಾಡೋಣವೆಂದು ಬಾಯಿ ತೆರೆದೆ. ಮೊದಲ ಸಾಲು ಕೂಡ ನನಗೆ ನೆನಪಾಗಲಿಲ್ಲ.