ಮರುಪ್ರಸಾರದಲ್ಲಿ ಇಲ್ಲದ ಮಾತು

ಭೀಮಾ ದಂಡೆಯಿಂದ, ೨೨೦೭ರ ಫೆಬ್ರವರಿ ೩೦

ಎರಡು ಸಾವಿರದ ಇಪ್ಪತ್ತರ ದಶಕದವರಿಗೆ,

ತಾರೀಖು ತಪ್ಪಿಲ್ಲ, ನಮ್ಮ ಪಂಚಾಂಗದಲ್ಲಿ ಎಲ್ಲ ತಿಂಗಳಿಗೂ ಮೂವತ್ತು ದಿನ. ನನ್ನ ಕನ್ನಡ ಒರಟೆನಿಸಿದರೆ ಕ್ಷಮಿಸಿ. ಕೋಪಕ್ಕೆ ಮಾತ್ರ ಕ್ಷಮೆ ಕೇಳಲಾರೆ.

ನಮ್ಮಲ್ಲಿ ಕೆಲಸಕ್ಕಿಳಿಯುವ ಮೊದಲು ಎಲ್ಲರೂ ಉಸಿರೆಣಿಕೆಗೆ ನಿಲ್ಲುತ್ತೇವೆ. ಗೋಡೆಯ ಬಿಲ್ಲೆಗೆ ಒಮ್ಮೆ ಊದಿದರೆ ಎದೆಯಲ್ಲಿ ಎಷ್ಟು ಧೂಳು ಸೇರಿದೆಯೆಂದು ತಿಳಿಯುತ್ತದೆ. ಒಬ್ಬರದು ಮಿತಿ ಮೀರಿದರೂ ಆ ಜಾಗಕ್ಕೆ ಬೀಗ. ಮಕ್ಕಳು ಅದನ್ನು ಬೆಳಗಿನ ರೊಟ್ಟಿಯಷ್ಟು ಸಹಜವೆಂದುಕೊಂಡಿದ್ದಾರೆ. ಅದು ಸುಮ್ಮನೆ ಬರಲಿಲ್ಲ.

ನಿಮ್ಮ ಕಾಲದಲ್ಲಿ ಮೋನಮ್ಮ ಕಂಬಾರ ಎಂಬ ಶಿಲ್ಪಿ ಇದ್ದಳು. ಇಪ್ಪತ್ತು ವರ್ಷ ಕಲ್ಲಿನ ಶೆಡ್ಡಿನಲ್ಲಿ ವಿಗ್ರಹ ಕೆತ್ತಿ ಶ್ವಾಸಕೋಶ ಕಳೆದುಕೊಂಡಳು. ಊರಿನ ಕೇಬಲ್ ವಾಹಿನಿ ಅವಳನ್ನು ದಿನಾ ಬೆಳಿಗ್ಗೆ ತೋರಿಸತೊಡಗಿತು. ಮೂಗಿಗೆ ಆಕ್ಸಿಜನ್ ನಳಿಗೆ, ಕೈಯಲ್ಲಿ ಹಸಿಮಣ್ಣು. ಮಾತಾಡುತ್ತ ನವಿಲು, ಆನೆ ಮಾಡುವುದನ್ನು ಕಲಿಸುತ್ತಿದ್ದಳು. ಲಕ್ವ ಹೊಡೆದ ಮಾಸ್ತರರೊಬ್ಬರು ಎಡಗೈಯಲ್ಲೇ ಎತ್ತು ಮಾಡಿ ಕಳಿಸಿದರು. ಹಾಸಿಗೆ ಹಿಡಿದಿದ್ದ ಎಷ್ಟೋ ಜನ ಎದ್ದು ಕೂತರು. ಅದನ್ನು ನಾನು ಹಳಿಯುವುದಿಲ್ಲ.

ಆದರೆ ಕಾರ್ಯಕ್ರಮದ ಪ್ರಾಯೋಜಕ ಅದೇ ಶೆಡ್ಡಿನ ಮಾಲೀಕ. ನೂರನೆಯ ಕಂತು ನೇರ ಪ್ರಸಾರವಾಯಿತು. ಮನಸ್ಸಿದ್ದರೆ ಮಾರ್ಗವೆಂದು ನೋಡುಗರಿಗೆ ಹೇಳಿರೆಂದು ನಿರೂಪಕ ಕೇಳಿಕೊಂಡ. ಅವಳು ತಡೆತಡೆದು ಹೇಳಿದಳು: "ನನ್ನ ಮನಸ್ಸಿಗೇನೂ ಆಗಿಲ್ರಿ. ಎದಿಯಾಗ ಕಲ್ಲಿನ ಪುಡಿ ತುಂಬ್ಯಾದ. ಆ ಶೆಡ್ಡಿನಾಗ ಇನ್ನಾ ನಲ್ವತ್ತು ಮಂದಿ ಅದೇ ಧೂಳು ಕುಡಿಲತ್ತಾರ. ನನಗ ಚಪ್ಪಾಳಿ ಬ್ಯಾಡ. ಅವರಿಗಿ ನೀರಿನ ಪೈಪ್ ಹಾಕಸ್ರಿ, ಧೂಳು ಕೆಳಗ ಕೂಡ್ತದ."

ಕೂಡಲೇ ಜಾಹೀರಾತು ಬಂತು. ಸಂಜೆಯ ಮರುಪ್ರಸಾರದಲ್ಲಿ ಆ ಮಾತಿರಲಿಲ್ಲ. ಮರುದಿನದಿಂದ ಕಾರ್ಯಕ್ರಮವೇ ಇರಲಿಲ್ಲ. ನೀವು ಬೆಳಿಗ್ಗೆ ಕೇಳಿದ್ದಿರಿ. ಕೇಳಿಯೂ ಅವಳನ್ನು ವೇದಿಕೆಗೆ ಹೊತ್ತೊಯ್ದು 'ಸ್ಫೂರ್ತಿಯ ಚಿಲುಮೆ' ಎಂದು ಶಾಲು ಹೊದಿಸಿದಿರಿ. ಉಸಿರಾಡಲಾರದವಳ ಹೆಗಲ ಮೇಲೆ ಶಾಲಿನ ಭಾರ ಹೇರಿ ಮನೆಗೆ ಹೋಗಿ ಉಂಡಿರಿ.

ಎದ್ದವರು ಶೆಡ್ಡಿನವರೇ. ಏಳು ತಲೆಮಾರು ಹಿಂದಿನ ನನ್ನ ಅಜ್ಜಿ ಹುಸೇನಮ್ಮ ಅಲ್ಲಿ ಕಲ್ಲು ಉಜ್ಜುತ್ತಿದ್ದಳು. ನೀರು ಬರುವತನಕ ಒಳಗೆ ಕಾಲಿಡುವುದಿಲ್ಲವೆಂದು ಮೊದಲು ಬಾಗಿಲಲ್ಲಿ ಕೂತವಳು ಅವಳು. ಉಳಿದವರು ಪಕ್ಕದಲ್ಲಿ ಕೂತರು. ಐವತ್ತಮೂರು ದಿನ. ಚಪ್ಪಾಳೆ ತಟ್ಟಿದ ಊರಿನಿಂದ ಒಬ್ಬರೂ ಬರಲಿಲ್ಲ. ಕೊನೆಗೆ ಪೈಪು ಬಂತು. ಅಷ್ಟರಲ್ಲಿ ಕೂತವರಲ್ಲಿ ಮೂವರು ತೀರಿಕೊಂಡಿದ್ದರು. ಮೊದಲ ನೀರನ್ನು ತಂಬಿಗೆಯಲ್ಲಿ ಹಿಡಿದು ಹುಸೇನಮ್ಮ ಮೋನಮ್ಮನ ಹಾಸಿಗೆಯ ಬಳಿ ಒಯ್ದಳಂತೆ. ಅದರಲ್ಲೇ ಒಂದು ಹಿಡಿ ಮಣ್ಣು ಕಲಸಿಕೊಡೆಂದಳಂತೆ ಮೋನಮ್ಮ. ಆ ವಾರವೇ ಹೋದಳು. ನಮ್ಮ ಉಸಿರೆಣಿಕೆಯ ಬೇರು ಆ ಶೆಡ್ಡಿನ ಬಾಗಿಲಲ್ಲೇ ಇದೆ.

ನಿಮ್ಮ ಪರದೆಗಳಲ್ಲಿ ಇನ್ನೂ ಇಂಥವರಿದ್ದಾರೆ. ಅವರಿಂದ ಧೈರ್ಯ ಕಲಿಯಿರಿ, ಬೇಡವೆನ್ನುವುದಿಲ್ಲ. ಆಮೇಲೆ ಟೀವಿ ಆರಿಸಿ, ಅವರು ದುಡಿಯುತ್ತಿದ್ದ ಜಾಗ ಎಲ್ಲಿದೆಯೆಂದು ವಿಚಾರಿಸಿ, ಅಲ್ಲಿಗೆ ನಡೆಯಿರಿ. ಒಳಗೆ ಈಗಲೂ ಜನರಿದ್ದಾರೆ.

ಉಸಿರೆಣಿಕೆಯ ಮೇಸ್ತ್ರಿ,
ರೇವಮ್ಮ