ಮಾವನವರ ಮೊದಲ ಉತ್ತರ

ಕಾರ್ಕಳ, ಶನಿವಾರ

ರಶೀದಾ ಮೇಡಂ ಅವರಿಗೆ ನಮಸ್ಕಾರ.

ಫೋನಿನಲ್ಲಿ ಹೇಳಿದರೆ ಮಾವನವರಿಗೆ ಕೇಳಿಸುತ್ತದೆಂದು ಬರೆಯುತ್ತಿದ್ದೇನೆ. ಪಾರ್ಶ್ವವಾಯು ಬಡಿದು ನಾಲ್ಕು ತಿಂಗಳಾದ ಮೇಲೆ ಮೊನ್ನೆ ಅವರು ಮಾತಾಡಿದರು!

ಮಗಳು ಮಾನ್ಯಾ ಮಾವನ ಪಕ್ಕ ಕುಳಿತು ಜಪಾನಿನ ಒಂದು ಆನಿಮೆ ಕಾರ್ಟೂನ್ ನೋಡುತ್ತಿದ್ದಳು. ಮನುಷ್ಯರು ಕಟ್ಟಿದ್ದೆಲ್ಲ ನಾಶವಾದ ಮೇಲೆ ಕೆಲವರು ವಿಜ್ಞಾನದ ಬಲದಿಂದ ಎಲ್ಲವನ್ನೂ ಮತ್ತೆ ಕಟ್ಟುವ ಕಥೆ. ಅದರಲ್ಲಿ ಸಮುದ್ರದ ಚಿಪ್ಪುಗಳನ್ನು ಸುಡುತ್ತಿದ್ದರು.

"ಅಜ್ಜ, ಚಿಪ್ಪು ಸುಡುವುದು ಎಂತಕ್ಕೆ?" ಎಂದು ಸುಮ್ಮನೆ ಕೇಳಿದಳು.

"ಸು... ಸುಣ್ಣಕ್ಕೆ," ಎಂದರು ಮಾವ.

ಅತ್ತೆ ಅಡುಗೆಮನೆಯಿಂದ ಓಡಿ ಬಂದರು. "ಇಷ್ಟು ದಿನ ನನ್ನ ಹೆಸರು ಬರಲಿಲ್ಲ, ಸುಣ್ಣ ಬಂತಲ್ವಾ?" ಎಂದು ಬೈದರು. ಮಾವ ನಕ್ಕರು. ಅತ್ತೆಯೂ ನಗುತ್ತಾ ಅಲ್ಲೇ ನೆಲದ ಮೇಲೆ ಕುಳಿತುಬಿಟ್ಟರು. ಈಗ ಆ ಕಥೆಯ ಪಾತ್ರಗಳನ್ನೇ "ತಪ್ಪು" ಎಂದು ಮಾವ ತಿದ್ದುತ್ತಾರೆ.

ಒಂದು ವಿನಂತಿ. ಮಾತಿನ ಅಭ್ಯಾಸಕ್ಕೆ ಮಂಗಳವಾರ ಮಣಿಪಾಲದಿಂದ ಬರುವಾಗ ಹಸು, ಗಿಳಿಯ ಚಿತ್ರಗಳನ್ನು ತರಬೇಡಿ. ಮೂವತ್ತು ವರ್ಷ ಕೆಮಿಸ್ಟ್ರಿ ಕಲಿಸಿದವರಿಗೆ ಅದರಿಂದ ನಾಚಿಕೆಯಾಗುತ್ತಿತ್ತೋ ಏನೋ. ನಿಮ್ಮನ್ನು ದೂರುತ್ತಿಲ್ಲ. ನೀವೂ ಶಿಷ್ಯೆಯ ಹಾಗೆ ಕುಳಿತು ಏನಾದರೂ ಪ್ರಶ್ನೆ ಕೇಳಿ. ಕೇಳಿದವರಿಗೆ ಉತ್ತರ ಹೇಳದೆ ಕಳಿಸುವವರಲ್ಲ ಅವರು.

ಇತಿ,
ವಿದ್ಯಾಲತಾ