ಪಾರಿವಾಳ ಓಡಿಸುವ ಡಿಸ್ಕುಗಳು

ತಮ್ಮಾ,

ಕೆಲಸಕ್ಕೆ ಹೊರಟೆ. ಏಳುತ್ತಲೇ ಫೋನು ಉಜ್ಜಬೇಡ, ಇದನ್ನು ಓದು.

ಕಣ್ಣಿನ ಕಟ್ಟು ಬಿಚ್ಚುವವರೆಗೆ ಅಮ್ಮನಿಗೆ ಕಿವಿಯೇ ಆಸರೆ. ಬೆಳಗ್ಗೆ ಕಾವ್ಯವಾಚನ ಹಾಕೆಂದಳು. ನಿನ್ನ ಆ್ಯಪು "ಈ ಕೃತಿ ಈಗ ಲಭ್ಯವಿಲ್ಲ" ಎಂದಿತು. "ಕೊಂಡ್ಕೊಂಡಿದೀನಕ್ಕಾ, ಇನ್ನು ಜನ್ಮಪೂರ್ತಿ ನಮ್ದೇ" ಎಂದು ಮೆರೆದಿದ್ದೆಯಲ್ಲ! ಬೀಗ ಅವರದು, ಕೀಲಿಕೈ ಅವರದು. ಹೊಸ್ತಿಲಲ್ಲಿ ನಿಂತು ಇಣುಕುವ ಭಾಗ್ಯ ನಿನ್ನದು. ಭಲೇ ಯಜಮಾನ!

ಆ ಗತ್ತಿನಲ್ಲೇ ಅಲ್ಲವೇ ಅದೇ ವಾಚನವಿದ್ದ ಅಮ್ಮನ ಡಿಸ್ಕುಗಳನ್ನು ಪಾರಿವಾಳ ಓಡಿಸಲು ತಾರಸಿಯಲ್ಲಿ ನೇತುಹಾಕಿದ್ದು? ದೇವರ ಕಥೆಗೆ ಒಳ್ಳೆಯ ಉದ್ಯೋಗ ಕೊಟ್ಟೆ. ಪಾರಿವಾಳಗಳೂ ಹೆದರಲಿಲ್ಲ.

ಈಗ ತಾರಸಿಗೆ ಹತ್ತಿ ಅವನ್ನು ಬಿಚ್ಚಿ ತಾ. ಮೆತ್ತನೆಯ ಬಟ್ಟೆಯಲ್ಲಿ ನಡುವಿನಿಂದ ಅಂಚಿಗೆ ಒರೆಸು; ತಟ್ಟೆ ತೊಳೆದ ಹಾಗೆ ಸುತ್ತಲೂ ತಿಕ್ಕಬೇಡ. ಪ್ಲೇಯರು ನನ್ನ ಮಂಚದ ಕೆಳಗಿದೆ. ಒಂದೊಂದನ್ನೇ ಹಾಕಿ ನೋಡು.

ಬಾಯಿಪಾಠವಿದ್ದಷ್ಟನ್ನು ನಾನೇ ಹೇಳಿದೆ. ಪದ್ಯದ ನಡುವೆ ಮರೆತುಹೋಯಿತು. "ಹೋಗ್ಲಿ ಬಿಡೇ, ಅವನೆದ್ದು ಡಿಸ್ಕು ಹಾಕ್ತಾನೆ" ಎಂದಳು ಅಮ್ಮ. ಅವು ಬೀರುವಿನಲ್ಲೇ ಇವೆಯೆಂದು ನಂಬಿ, ಉಳಿದರ್ಧ ಪದ್ಯಕ್ಕೆ ಕಾಯುತ್ತಿದ್ದಾಳೆ.

ಒಂದೂ ಓಡದಿದ್ದರೆ ನನಗೆ ಫೋನು ಮಾಡಬೇಡ. ಅವಳ ಪಕ್ಕ ಕೂತು, ಅವು ಇಷ್ಟು ದಿನ ಎಲ್ಲಿ ನೇತಾಡುತ್ತಿದ್ದವೆಂದು ನೀನೇ ಹೇಳು.

ಅಕ್ಕ